ಕಲ್ಲಣ್ಣನ ಹೊಲದ ದಿಬ್ಬಗಳು

ಕೆರೆಯ ತಳದಲ್ಲಿ ಸಾಲುಸಾಲಾಗಿ ದಿಬ್ಬಗಳಿವೆ ಎಂದು ನಕ್ಷೆ ಹೇಳುತ್ತಿತ್ತು. ನಕ್ಷೆ ಬರೆದವಳು ನೀಲಗಂಗಾ ತಾನೇ. ಆದರೂ ಅವಳಿಗೇ ಅದರ ಮೇಲೆ ನಂಬಿಕೆ ಬರುತ್ತಿರಲಿಲ್ಲ.

ಅದು ೧೯೭೭ರ ಆಷಾಢ. ಸೊಲ್ಲಾಪುರದ ಮಂಗಳವಾರ ಪೇಟೆಯಲ್ಲಿ ಅವಳ ತಂದೆ ಶಾಂತಲಿಂಗಪ್ಪನವರದು ಚಾದರದ ಅಂಗಡಿ. ಅಂಗಡಿಯ ಮೇಲಿನ ಮಾಳಿಗೆಯನ್ನು ಅಮೃತಪ್ಪ ಎಂಬ ಅಕ್ಕಲಕೋಟೆಯ ಇಂಜಿನಿಯರು ಬಾಡಿಗೆಗೆ ಹಿಡಿದಿದ್ದರು. ಇಪ್ಪತ್ತು ವರ್ಷ ಹಡಗುಗಳ ಮೇಲೆ ಯಂತ್ರ ರಿಪೇರಿ ಮಾಡಿ ಊರಿಗೆ ಮರಳಿದ ಮನುಷ್ಯ. ಹಡಗಿನಿಂದ ನೀರಿನೊಳಗೆ ಸದ್ದು ಬಿಟ್ಟು, ಅದು ತಳಕ್ಕೆ ಬಡಿದು ತಿರುಗಿ ಬರುವ ಹೊತ್ತನ್ನು ಅಳೆದು ಸಮುದ್ರದ ಆಳ ಹೇಳುವ ಯಂತ್ರವೊಂದಿದೆ. ಆದರೆ ಹಡಗು ಅಲೆಯ ಮೇಲೆ ಎದ್ದಾಗ ಆಳ ಹೆಚ್ಚಾದಂತೆಯೂ ಇಳಿದಾಗ ಕಡಿಮೆಯಾದಂತೆಯೂ ಕಾಣುತ್ತದೆ. ಹಡಗಿನ ಆ ಏರಿಳಿತವನ್ನು ಬೇರೆಯಾಗಿ ಬರೆದಿಡುವ ಒಂದು ಪೆಟ್ಟಿಗೆಯನ್ನು ಅಮೃತಪ್ಪ ಸ್ವಂತ ಕೈಯಿಂದ ಮಾಡಿದ್ದರು. ಆಳದಿಂದ ಏರಿಳಿತವನ್ನು ಕಳೆದರೆ ಉಳಿಯುವುದೇ ನಿಜವಾದ ತಳ.

ಆ ಕಳೆಯುವ ಕೆಲಸ ನೀಲಗಂಗಾಳದು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದವಳು, ಬಾಡಿಗೆದಾರರಿಗೆ ಚಹಾ ಕೊಡಲು ಮಾಳಿಗೆ ಹತ್ತಿ, ಅವರ ಲೆಕ್ಕದಲ್ಲಿ ಒಂದು ತಪ್ಪು ತೋರಿಸಿ, ಮರುದಿನದಿಂದ ಅಲ್ಲೇ ಕೆಲಸಕ್ಕೆ ಕೂತಿದ್ದಳು. ಅವಳ ಮುಂದೆ ಎರಡು ಕಾಗದದ ಸುರುಳಿಗಳು. ಒಂದರಲ್ಲಿ ಆಳದ ಗೆರೆ, ಇನ್ನೊಂದರಲ್ಲಿ ದೋಣಿಯ ಏರಿಳಿತದ ಗೆರೆ. ಸಮುದ್ರಕ್ಕೆ ಒಯ್ಯುವ ಮೊದಲು ಪರೀಕ್ಷೆಗೆಂದು ಅಮೃತಪ್ಪ ವಾಗದರಿ ಕಡೆಯ ಕೆರೆಯಲ್ಲಿ ದೋಣಿ ಓಡಿಸಿ ತಂದ ಸುರುಳಿಗಳು ಅವು. ಶುಕ್ರವಾರ ಮುಂಬಯಿಯಿಂದ ಸಮುದ್ರ ಸರ್ವೆಯ ಸಾಹೇಬರು ಬರುವವರಿದ್ದರು. ಅವರು ಒಪ್ಪಿದರೆ ಪೆಟ್ಟಿಗೆ ಹಡಗೇರುತ್ತಿತ್ತು.

ಮಂಗಳವಾರ ಅವಳ ಸೋದರಮಾವ ಕಲ್ಲಣ್ಣ ವಾಗದರಿಯಿಂದ ಸಂತೆಗೆ ಬಂದವನು ಮಾಳಿಗೆಗೂ ಹತ್ತಿದ. ನಕ್ಷೆ ನೋಡಿ, "ಇದು ಎಲ್ಲೀದವ್ವಾ?" ಎಂದ.

"ನಿಮ್ಮ ಊರ ಕೆರಿನ ಮಾಮಾ. ಈ ಗೆರಿ ಅದಾವಲ್ಲ, ಇಲ್ಲೇ ನಿನ್ನ ಹಳೇ ಹೊಲ ಮುಳುಗಿದ್ದು."

"ಮತ್ತ ಈ ಉಬ್ಬು ಏನು?"

"ದಿಬ್ಬ."

ಕಲ್ಲಣ್ಣನ ಮುಖ ಕೆಂಪಾಯಿತು. ಕೆರೆ ಕಟ್ಟಿದಾಗ ಬದಲಿಗೆ ಬಂದ ಹೊಲ ಚೆನ್ನಾಗಿಯೇ ಬೆಳೆಯುತ್ತಿತ್ತು, ಮುಳುಗಿದ ಹೊಲಕ್ಕಾಗಿ ಅವನು ಅತ್ತವನಲ್ಲ. ಆದರೆ ಈ ಮಾತು ಅವನ ಬೇಸಾಯಕ್ಕೇ ತಾಗಿತ್ತು.

"ನನ್ನ ಹೊಲದಾಗ ದಿಬ್ಬಾ? ಹದಿನೆಂಟು ವರ್ಷ ಕುಂಟಿ ಹೊಡದು, ಮಣ್ಣು ಎಳದೆಳದು ಅಂಗಳದಾಂಗ ಮಾಡಿದ್ದೆ! ಬಿಂದಿಗಿ ನೀರು ಸುರುವಿದ್ರ ಯಾವ ಕಡಿ ಹರೀಬೇಕಂತ ನೀರಿಗೇ ತಿಳೀತಿರಲಿಲ್ಲ!"

ಮೂಲೆಯಲ್ಲಿ ಬೆಸುಗೆ ಹಾಕುತ್ತಿದ್ದ ಅಮೃತಪ್ಪ ತಲೆಯೆತ್ತಲಿಲ್ಲ. "ನೀರು ನಿಂತ ಮ್ಯಾಲೆ ಹೂಳು ಬಂದು ಕೂಡ್ತದ ಕಲ್ಲಣ್ಣ. ತಳ ಮೊದಲಿನಾಂಗ ಇರೂದಿಲ್ಲ."

"ಹೂಳು ಕೂತ್ರ ಸಪಾಟ ಕೂಡ್ತದ್ರಿ. ಸಾಲು ಹಿಡದು ಕೂಡ್ತದೇನು?" ಎಂದು ಕಲ್ಲಣ್ಣ ಧೋತರದ ಚುಂಗು ಕೊಡವಿ ಇಳಿದು ಹೋದ.

ಮಾವನ ಮಾತು ನೀಲಗಂಗಾಳನ್ನು ಬಿಡಲಿಲ್ಲ. ಆಳದ ಗೆರೆಯನ್ನು ತಿದ್ದದೆ, ಬಂದ ಹಾಗೆಯೇ ಇನ್ನೊಮ್ಮೆ ಬರೆದು ನೋಡಿದಳು. ಅದರಲ್ಲೂ ಉಬ್ಬುಗಳಿದ್ದವು, ಆದರೆ ಸಣ್ಣವು. ಏರಿಳಿತ ಕಳೆದ ಮೇಲೆ ಉಬ್ಬು ಇನ್ನೂ ದೊಡ್ಡದಾಗಿತ್ತು. ತಿದ್ದಿದಷ್ಟೂ ತಪ್ಪು ಬೆಳೆದಿತ್ತು!

"ಸರ್, ಪೆಟಗಿ ಖರೇ ಹೇಳಾಕತ್ತಿದ್ರ ಕಳದ ಮ್ಯಾಲೆ ಗೆರಿ ಸಪಾಟ ಆಗಬೇಕಿತ್ತು. ಇದು ಹೆಚ್ಚು ಕುಣೀತದ."

ಅಮೃತಪ್ಪ ಈಗ ತಲೆಯೆತ್ತಿದರು. "ಎರಡು ವರ್ಷ ಮನಿ ಬಾವ್ಯಾಗ ಹಗ್ಗ ಕಟ್ಟಿ ಇಳಿಸಿ, ಎಳದು ನೋಡೀನಿ. ಒಂದು ಬೊಟ್ಟು ಸುದ್ದಾ ತಪ್ಪಿಲ್ಲ."

"ಬಾವ್ಯಾಗ ಎಷ್ಟು ಜಲ್ದಿ ಎಳದಿದ್ರಿ ಸರ್?"

ಬಾವಿಯಲ್ಲಿ ಅಮೃತಪ್ಪ ಹಗ್ಗವನ್ನು ಕೊಡ ಸೇದುವಷ್ಟೇ ನಿಧಾನಕ್ಕೆ ಎಳೆದಿದ್ದರು. ಅಲೆಗೆ ಅಷ್ಟು ತಾಳ್ಮೆಯಿರುವುದಿಲ್ಲ.

"ನಾಳೆ ಒಂದ್ ದಿನ ಕೊಡ್ರಿ. ದೋಣಿ ಓಡಿಸೂದು ಬ್ಯಾಡ. ಎರಡೂ ಕಡಿ ಕಲ್ಲು ಇಳಿಬಿಟ್ಟು ಒಂದ ಜಾಗಾಕ್ಕ ನಿಲ್ಲಸೋಣು. ನಿಂತ ದೋಣಿ ಕೆಳಗ ದಿಬ್ಬ ಓಡಿ ಬರೂದಿಲ್ಲಲ್ರಿ?"

ಅಮೃತಪ್ಪ ಬೆಸುಗೆಯ ಸಲಾಕೆ ಕೆಳಗಿಟ್ಟರು. ಆಮೇಲೆ, "ಆರು ಗಂಟೆ ಎಸ್.ಟಿ. ಬಸ್ಸಿಗೆ ಬಾ," ಎಂದರು.

ಬುಧವಾರ ಬೆಳಿಗ್ಗೆ ಕೆರೆಯಲ್ಲಿ ಗಾಳಿಯೇ ಇರಲಿಲ್ಲ. ಆಷಾಢದಲ್ಲಿ ಹಾಗಾಗುವುದು ಅಪರೂಪ. ನೀರು ಎಣ್ಣೆ ಸವರಿದಂತೆ ನಿಂತಿತ್ತು. ಅಮೃತಪ್ಪ, "ಅಲಿ ಇಲ್ಲಂದ್ರ ಏನ್ ಅಳೀತಿ?" ಎಂದರು. ಆದರೆ ನೀಲಗಂಗಾಳಿಗೆ ಒಳಗೊಳಗೇ ಸಂತೋಷ. ಗಾಳಿಯ ಅಲೆ ತನ್ನ ಮನಸ್ಸಿಗೆ ಬಂದಂತೆ ಬರುತ್ತದೆ. ಕೈಯಾರೆ ಎಬ್ಬಿಸಿದ ಅಲೆ ಹೇಳಿದಂತೆ ಕೇಳುತ್ತದೆ.

"ಮಾಮಾ, ನಿನ್ನ ಕಡಿ ಗಟ್ಟಿ ಆಳು ಎಷ್ಟ ಮಂದಿ ಅದಾರ?"

ಕಲ್ಲಣ್ಣ ನಾಲ್ವರನ್ನು ಕರೆತಂದ. ಒಬ್ಬೊಬ್ಬನೂ ಜೋಳದ ಚೀಲ ಒಂದೇ ಕೈಯಲ್ಲಿ ಎತ್ತುವಂಥವನು. ಗುಡ್ಡದ ತುದಿ ಮತ್ತು ಊರ ಗುಡಿಯ ಶಿಖರ ಒಂದೇ ಸಾಲಿಗೆ ಬಂದ ಕಡೆ ಕಲ್ಲಣ್ಣ ಕೈಯೆತ್ತಿದ. "ಇಲ್ಲೇ. ಇದು ನನ್ನ ಹೊಲದ ನಟ್ಟನಡುವ." ಅಂಬಿಗ ಗೊಲ್ಲಾಳಪ್ಪ ದೋಣಿಯ ಹಿಂದೆ ಮುಂದೆ ಎರಡು ಕಲ್ಲು ಇಳಿಬಿಟ್ಟ. ಮೊದಲು ಯಾರೂ ಅಲುಗದೆ ಕೂತರು. ಆಳದ ಗೆರೆ ದಾರ ಎಳೆದಂತೆ ನೆಟ್ಟಗೆ ಬಂತು.

"ನೋಡ್ರಿ, ಸಪಾಟ!" ಎಂದ ಕಲ್ಲಣ್ಣ.

ನೀಲಗಂಗಾ ಗುಂಡಿ ಒತ್ತಿ ಎರಡೂ ಸುರುಳಿಗಳ ಮೇಲೆ ಒಂದೇ ಕ್ಷಣಕ್ಕೆ ಗುರುತು ಹಾಕಿದಳು. ಯಂತ್ರಗಳೆರಡನ್ನೂ ಕಟ್ಟಿದ್ದು ದೋಣಿಯ ಮೂತಿಯಲ್ಲಿ. ಅಲ್ಲೇ ಐದೂ ಜನ ಒತ್ತಾಗಿ ನಿಂತರು. ಕಲ್ಲಣ್ಣ ಕೂಗಿದ: "ಏಳ್ರಿ! ಕೂಡ್ರಿ! ಏಳ್ರಿ! ಕೂಡ್ರಿ!" ದೋಣಿಯ ಮೂತಿ ಒಂದು ಗೇಣು ಮುಳುಗಿ ಒಂದು ಗೇಣು ಎದ್ದಿತು. ಗೊಲ್ಲಾಳಪ್ಪ ಹುಟ್ಟನ್ನು ಅಪ್ಪಿಕೊಂಡು ಶಿವಶಿವಾ ಎಂದ. ಒಂದು ಸುತ್ತು ನಿಧಾನಕ್ಕೆ, ಇನ್ನೊಂದು ಸುತ್ತು ಜೋರಾಗಿ. ಅಮೃತಪ್ಪನವರ ಕನ್ನಡಕದ ಮೇಲೆಲ್ಲ ನೀರು ಸಿಡಿದಿತ್ತು, ಅವರು ಒರೆಸಿಕೊಳ್ಳಲೂ ಇಲ್ಲ.

ದಡಕ್ಕೆ ಬಂದವಳೇ ನೀಲಗಂಗಾ ಎರಡೂ ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಬಿಸಿಲಿಗೆ ಹಿಡಿದಳು. ಗುಂಡಿಯ ಗುರುತುಗಳನ್ನು ಕೂಡಿಸಿದಳು. ಎರಡೂ ಗೆರೆಗಳು ಕೂಡಿಯೇ ಏರಬೇಕಿತ್ತು, ಕೂಡಿಯೇ ಇಳಿಯಬೇಕಿತ್ತು. ಆದರೆ ಆಳದ ಗೆರೆ ತುದಿ ಮುಟ್ಟಿ ಇಳಿಯತೊಡಗಿದಾಗ ಪೆಟ್ಟಿಗೆಯ ಗೆರೆ ಇನ್ನೂ ಏರುತ್ತಲೇ ಇತ್ತು. ಅವಳು ಮೇಲಿದ್ದ ಪೆಟ್ಟಿಗೆಯ ಕಾಗದವನ್ನು ಮೆಲ್ಲಗೆ ಹಿಂದಕ್ಕೆ ಸರಿಸುತ್ತ ಹೋದಳು. ಒಂದು ಮಿಲಿಮೀಟರ್, ಎರಡು, ನಾಲ್ಕು... ಆರಕ್ಕೆ ಬಂದಾಗ ಒಂದು ಗೆರೆ ಇನ್ನೊಂದರೊಳಗೆ ಅಡಗಿಬಿಟ್ಟಿತು.

ಆಮೇಲೆ ಜೋರು ಸುತ್ತಿನ ಕಾಗದ ನೋಡಿದಳು. ಅಲ್ಲಿಯೂ ಆರೇ ಮಿಲಿಮೀಟರ್.

"ಸರ್, ಪೆಟಗಿ ಸುಳ್ಳು ಹೇಳಾಕತ್ತಿಲ್ಲ. ಖರೇನ ಹೇಳ್ತದ, ತಡಾ ಮಾಡಿ ಹೇಳ್ತದ. ಕಾಗದ ಸೆಕೆಂಡಿಗೆ ಒಂದು ಸೆಂಟಿಮೀಟರ್ ಓಡ್ತದ. ಆರು ಮಿಲಿಮೀಟರ್ ಅಂದ್ರ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ದೋಣಿ ಇಳಿಯೂ ಹೊತ್ತಿಗೆ ಅದು ಏರಿದ್ದನ್ನ ಕಳೀತಿದ್ದೆ ನಾನು."

ಅಮೃತಪ್ಪ ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ನೋಡಿದರು. ಕಾರಣ ಅವರಿಗೇ ಹೊಳೆಯಿತು. ಇಂಜಿನ್ನಿನ ನಡುಕಕ್ಕೆ ಪೆನ್ನು ಅದುರದಿರಲೆಂದು ಅವರು ಪೆಟ್ಟಿಗೆಯೊಳಗೆ ಒಂದು ಸಣ್ಣ ಸರ್ಕೀಟು ಸೇರಿಸಿದ್ದರು. ಅದು ಬಂದ ಏಟನ್ನು ತಡೆದು, ಮೆತ್ತಗೆ ಮಾಡಿ ಮುಂದಕ್ಕೆ ಬಿಡುತ್ತಿತ್ತು. ಮೆತ್ತಗೆ ಮಾಡುವ ಹೊತ್ತೇ ಆ ತಡ.

"ನಾನ ಹಾಕಿದ್ದು," ಎಂದರು. "ಗೆರಿ ಚಂದ ಬರ್ಲಿ ಅಂತ ಹಾಕಿದೆ."

ಆಮೇಲೆ ನಗತೊಡಗಿದರು. ಎರಡು ವರ್ಷದ ಬಿಗುಮಾನವೆಲ್ಲ ಕಳಚಿಬಿದ್ದಂತೆ, ಹೊಟ್ಟೆ ಹಿಡಿದುಕೊಂಡು ನಕ್ಕರು. ಕಲ್ಲಣ್ಣನಿಗೆ ಸರ್ಕೀಟಿನ ಗೊಡವೆ ಬೇಕಿರಲಿಲ್ಲ. ನೀಲಗಂಗಾ ಅಲ್ಲೇ ಕೂತು ಆರು ಮಿಲಿಮೀಟರ್ ಸರಿಸಿ ಲೆಕ್ಕ ಮಾಡಿ ಹೊಸ ಗೆರೆ ಎಳೆದಾಗ, ಅವನು ಆ ಹಾಳೆಯನ್ನು ಕಸಿದುಕೊಂಡು ತನ್ನ ಮಂದಿಯ ಮುಂದೆಲ್ಲ ಹಿಡಿದುಕೊಂಡು ಅಡ್ಡಾಡಿದ. ಗೆರೆ ಅಂಗಳದಂತೆ ಸಪಾಟಾಗಿತ್ತು.

ಶುಕ್ರವಾರ ಮುಂಬಯಿಯ ಸಾಹೇಬರು ಇಬ್ಬರು ಕೆರೆಗೇ ಬಂದರು. ಅವತ್ತು ಗಾಳಿ ಹುಚ್ಚೆದ್ದು ಬೀಸುತ್ತಿತ್ತು. ಅಮೃತಪ್ಪ ಮೊದಲು ಹಳೆಯ ನಕ್ಷೆಯನ್ನೇ ಅವರ ಮುಂದೆ ಹರಡಿ, ಮರಾಠಿಯಲ್ಲಿ ಸ್ಪಷ್ಟವಾಗಿ ಹೇಳಿದರು: ಇದು ನನ್ನ ತಪ್ಪು, ಇದನ್ನು ಹಿಡಿದವಳು ಈ ಹುಡುಗಿ. ಹಿರಿಯ ಸಾಹೇಬರು ಹುಬ್ಬೇರಿಸಿ ನೀಲಗಂಗಾಳ ಕಡೆಗೆ ತಿರುಗಿದರು. ನಿಮ್ಮ ಲೆಕ್ಕ ನಮ್ಮ ಕಣ್ಣೆದುರಿಗೇ ತೋರಿಸಿ ಎಂದರು. ಅವಳು ಅವರನ್ನು ದೋಣಿ ಹತ್ತಿಸಿದಳು. ಅಲೆಗಳ ಮೇಲೆ ದೋಣಿ ಕುದುರೆಯಂತೆ ನೆಗೆಯುತ್ತಿದ್ದರೆ ಅವಳು ತೊಡೆಯ ಮೇಲೆ ಹಲಗೆಯಿಟ್ಟುಕೊಂಡು, ಆರು ಮಿಲಿಮೀಟರ್ ಸರಿಸಿ ಕಳೆದು, ಬಿಂದು ಹಾಕುತ್ತ ಹೋದಳು. ಗೆರೆ ಅಲುಗಲಿಲ್ಲ. ಸಾಹೇಬರು ಅವಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ತಾವೇ ಹತ್ತು ಬಿಂದು ಹಾಕಿ ನೋಡಿದರು. ಆಗಲೂ ಅಲುಗಲಿಲ್ಲ.

ಅಕ್ಟೋಬರಿನಲ್ಲಿ ಪೆಟ್ಟಿಗೆ ರತ್ನಾಗಿರಿಯ ಆಚೆ ಅರಬ್ಬೀ ಸಮುದ್ರದ ಮೇಲಿತ್ತು. ಜೊತೆಗೆ ಅಮೃತಪ್ಪನವರೂ ನೀಲಗಂಗಾಳೂ ಇದ್ದರು. ಕಳಿಸಲು ಮನಸ್ಸಿಲ್ಲದ ಶಾಂತಲಿಂಗಪ್ಪನವರು ಕೊನೆಗೆ ಎರಡು ದಪ್ಪ ಚಾದರ ಕಟ್ಟಿಕೊಟ್ಟಿದ್ದರು. ಹುಟ್ಟಿದಾಗಿನಿಂದ ಸಮುದ್ರ ನೋಡದವಳು ಮೊದಲ ದಿನವೆಲ್ಲ ವಾಂತಿ ಮಾಡಿಕೊಂಡಳು. ಎರಡನೆಯ ದಿನ ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಪೆನ್ಸಿಲ್ ಹಿಡಿದು ಮೇಜಿಗೆ ಬಂದು ಕೂತಳು. ಆಳುದ್ದದ ಅಲೆಗಳು ಹಡಗನ್ನು ಎತ್ತಿ ಇಳಿಸುತ್ತಿದ್ದವು. ಅವಳು ಹಾಕಿದ ಬಿಂದುಗಳ ಸಾಲಿನಲ್ಲಿ ಸಮುದ್ರದ ತಳ ಮೆಲ್ಲಗೆ, ಒಂದೇ ಇಳಿಜಾರಿನಲ್ಲಿ, ಯಾರೂ ಕಂಡಿರದ ಆಳಕ್ಕೆ ಇಳಿಯುತ್ತ ಹೋಯಿತು.

"ಹ್ಯಾಂಗದ?" ಎಂದು ಬಾಗಿಲಿಂದ ಅಮೃತಪ್ಪ ಕೇಳಿದರು.

"ಬರೋಬರಿ ಅದ ಸರ್," ಎಂದಳು ನೀಲಗಂಗಾ, ಮತ್ತು ನಿಂಬೆಹಣ್ಣನ್ನು ಮೂಗಿಗೆ ಹಿಡಿದು ಮುಂದಿನ ಬಿಂದು ಹಾಕಿದಳು.