ಅತ್ತೆಯ ಮಣಿಕಟ್ಟಿನ ಪಟ್ಟಿ

ಮತ್ತೆ ಅದೇ ಖಾಲಿ, ಪರದೆಯ ಮೇಲೆ ನಿನ್ನೆ ದಾಖಲಾದ ಹಸಿರು ಗೆರೆ ಏರಿ ಇಳಿದು ಏರಿ ಇಳಿದು ಇಲ್ಲಿಗೆ ಬಂದು ಚಪ್ಪಟೆ, ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಏರಿಳಿತ — ಥೂ, ಏನು ಧಾಡಿ ಬಂದಿದೆ ಇದಕ್ಕೆ, ಲ್ಯಾಬಿನ ಯಂತ್ರ ದಿನವಿಡೀ ಬಗ್ಗಿಸಿದರೂ ಜಪ್ಪಯ್ಯ ಅನ್ನದ ಪಟ್ಟಿ, ಈರುಳ್ಳಿ ಸಿಪ್ಪೆಯಷ್ಟು ತೆಳು, ಸಿಲಿಕಾನ್ ಅಲ್ಲ, ಇಂಗಾಲದ ಅಣುಗಳ ಶಾಯಿಯಿಂದ ನಾನೇ ಅಚ್ಚೊತ್ತಿದ್ದು, ನಾಡಿ ಓದಲೆಂದೇ ಮಾಡಿದ್ದು, ಅತ್ತೆಯ ಮಣಿಕಟ್ಟಿಗೆ ಅಂಟಿಸಿದ ಕೂಡಲೇ ಹಟ. ನಿನ್ನೆ ನಿಗಡಿ ಬಡಾವಣೆಯ ಮನೆಯಲ್ಲಿ ಬಳೆ ಮೇಲಕ್ಕೆ ಸರಿಸಿ ಕೇಳಿದ್ದರು, ಇದನ್ನ ಹಚ್ಕೊಂಡು ರೊಟ್ಟಿ ಬಡಿಲಿಕ್ಕ ಬರತದೇನ ರಂಜನಾ, ಬಡೀರಿ ಅತ್ತಿ, ಅದಕ್ಕ ಮಾಡೇನಿ, ಎಷ್ಟು ಜಂಬದಿಂದ ಹೇಳಿದೆ. ಹೌದು, ಅದಕ್ಕೇ — ಹೋದ ತಿಂಗಳು ರೊಟ್ಟಿ ಬಡಿಯುತ್ತಲೇ ಹಂಚಿನ ಮುಂದೆ ಕುಸಿದರಲ್ಲ, ಆಸ್ಪತ್ರೆಯಲ್ಲಿ ಮಲಗಿಸಿ ಎದೆಗೆ ತಂತಿ ಹಚ್ಚಿದರೆ ಎಲ್ಲ ಸರಿ, ಕಾಹೀ ನಾಹೀ ಆಜೀ, ಏನೂ ಇಲ್ಲ ಅಜ್ಜಿ ಎಂದು ಮರಾಠಿ ಡಾಕ್ಟರು ನಕ್ಕು ಕಳಿಸಿದರು, ಮಲಗಿದಾಗ ಸರಿಯಿರುವ ಹೃದಯ ಕೆಲಸದ ಹೊತ್ತಿಗೆ ಏನು ಮಾಡುತ್ತದೆಂದು ಯಾರು ನೋಡಬೇಕು, ನನ್ನ ಪಟ್ಟಿಯೇ ನೋಡಬೇಕು, ಅದೋ ಸರಿಯಾಗಿ ಆ ಹೊತ್ತಿಗೇ ಕೈಕೊಡುತ್ತದೆ.

ನನ್ನ ಗೈಡ್ ಸುಹಾಸ ಸರ್ ಕುರ್ಚಿಯಿಂದ ಏಳಲೂ ಇಲ್ಲ, ಉಡುಪಿಯ ನಿಧಾನ ಅವರದು, ಎಂತ ಮಾರಾಯ್ತಿ, ಕೈ ತಿರುಗಿಸುವಾಗ ಪದರ ಬಿರುಕು ಬಿಡ್ತದೆ, ನೇರ ಆದ ಕೂಡಲೇ ಕೂಡಿಕೊಳ್ತದೆ, ಇಷ್ಟೇ ಅಲ್ವಾ, ನಾಳೆ ಹೊರಗಿನ ಪರೀಕ್ಷಕರು ನೋಡ್ಲಿಕ್ಕೆ ಬರ್ತಾರೆ, ಗೆರೆಯ ಆ ತುಂಡು ತೆಗೆದುಬಿಡು. ತೆಗೆದುಬಿಡು, ಎಷ್ಟು ಸಲೀಸು, ರೊಟ್ಟಿ ಬಡಿಯುವ ಹೊತ್ತನ್ನೇ ತೆಗೆದರೆ ಉಳಿಯುವುದೇನು, ಸುಮ್ಮನೆ ಕೂತ ಕೈ, ಅದನ್ನು ಓದಲು ಇಷ್ಟು ವರ್ಷ ಕಣ್ಣು ಕಳೆದುಕೊಂಡೆನೇ, ಸಿಟ್ಟಿಗೆ ಅಳು ಬರುತ್ತಿದೆ. ಬೆಳಿಗ್ಗೆ ಬಿಡಿಸಿ ತಂದ ಪಟ್ಟಿ ಸೂಕ್ಷ್ಮದರ್ಶಕದ ಕೆಳಗಿದೆ, ಎಲ್ಲಿದೆ ನಿನ್ನ ಬಿರುಕು ತೋರಿಸು ಮಹಾರಾಯ, ಈ ತುದಿಯಲ್ಲಿ ಇಲ್ಲ, ಆ ತುದಿಯಲ್ಲಿ ಇಲ್ಲ, ಜೋಳದ ಹಿಟ್ಟಿನ ಕಣವೊಂದು ಅಂಟಿದೆ, ಅದರಡಿಯೂ ನುಣುಪು, ಬೆಳಕು ಹೆಚ್ಚಿಸಿದೆ, ಚಿಮಟದಲ್ಲಿ ಹಿಡಿದು ತಿರುಚಿದೆ, ಅತ್ತೆ ರೊಟ್ಟಿ ತಿರುಗಿಸುವಂತೆಯೇ, ಇನ್ನೂ ಜೋರಾಗಿ, ಕರೆಂಟು ಹರಿಯುತ್ತಲೇ ಇದೆ, ಒಮ್ಮೆಯೂ ನಿಲ್ಲಲಿಲ್ಲ, ಕೂದಲೆಳೆಯಷ್ಟೂ ಬಿರುಕಿಲ್ಲ, ಪಟ್ಟಿ ಗಟ್ಟಿಯಿದೆ, ಬೆಳಗಿನಿಂದ ಸುಮ್ಮನೆ ಬೈದೆ, ಅದು ಓದಿದ್ದೆಲ್ಲ ನಿಜ — ಹಾಗಾದರೆ ಆ ಖಾಲಿ ಪಟ್ಟಿಯದಲ್ಲ, ಅತ್ತೆಯ — ಎಲ್ಲಿ ಫೋನು, ರಿಂಗಾಗುತ್ತಿದೆ, ಎತ್ರಿ ಅತ್ತಿ, ರೊಟ್ಟಿ ಬಿಡ್ರಿ, ಕೂಡ್ರಿ, ಎತ್ರಿ, ರಿಂಗಾಗುತ್ತಲೇ ಇದೆ, ಪರದೆಯ ಮೇಲೆ ನಿನ್ನೆಯ ಹಸಿರು ಗೆರೆ ಏರಿ ಇಳಿದು, ಏರಿ ಇಳಿದು, ಚಪ್ಪಟೆ