ನೀಲಿ ಗೆರೆ ಇಳಿಯುವ ಮುನ್ನ

ನಮ್ಮ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಜೆಲ್ ಓಡಿಸುವವಳು ನಾನು. ಪಾಚಿಯ ಪ್ರೋಟೀನುಗಳನ್ನು ಜೆಲ್ ಎಂಬ ಲೋಳೆಯಂಥ ಹಾಳೆಯ ಮೇಲ್ತುದಿಗೆ ಹಾಕಿ ಕರೆಂಟು ಕೊಟ್ಟರೆ ಅವು ಗಾತ್ರದ ಪ್ರಕಾರ ಬೇರೆಯಾಗುತ್ತಾ ಇಳಿಯುತ್ತವೆ. ಜೊತೆಗೆ ಹಾಕಿದ ನೀಲಿ ಬಣ್ಣದ ಗೆರೆ ತಳ ದಾಟಿ ಹೊರಬಿದ್ದು ಹತ್ತು ನಿಮಿಷವಾದ ಮೇಲೇ ನಾನು ಸ್ವಿಚ್ ಆರಿಸುವುದು. ಆಗ ದೊಡ್ಡ ಪ್ರೋಟೀನುಗಳು ಚೊಕ್ಕಟವಾಗಿ ಬಿಡಿಬಿಡಿಯಾಗುತ್ತವೆ. ಹೊರಬಿದ್ದದ್ದು ಕೆಳಗಿನ ತೊಟ್ಟಿಯ ನೀರಿಗೆ ಸೇರುತ್ತದೆ, ಆ ನೀರನ್ನು ಸಿಂಕಿಗೆ ಚೆಲ್ಲುತ್ತೇನೆ. ಆ ಹೊತ್ತಿನಲ್ಲಿ ನನ್ನ ಮೇಜಿನ ಬಳಿ ಯಾರಾದರೂ ಸುಳಿದರೆ ಗ್ರಹಚಾರ ಬಿಡಿಸಿಬಿಡುತ್ತೇನೆ.

ಅವತ್ತು ಪುಟ್ಟಿ ಮಾತ್ರ ಅಲುಗಾಡಲಿಲ್ಲ. ಪುಟ್ಟಿ ಅಂದರೆ ನಮ್ಮ ಸಂಶೋಧನಾ ವಿದ್ಯಾರ್ಥಿನಿ. ಪಾಚಿಯೊಳಗೆ ಬೆಳಕನ್ನು ಹಿಡಿಯುವ ಯಂತ್ರದಲ್ಲಿ ಒಂದು ಪುಟಾಣಿ ಪ್ರೋಟೀನ್ ಇದೆ, ಅದಿಲ್ಲದಿದ್ದರೆ ಜೋರು ಬೆಳಕಿಗೆ ಇಡೀ ಯಂತ್ರವೇ ಕಳಚಿಕೊಳ್ಳುತ್ತದೆ ಎಂಬುದು ಅವಳ ವಾದ. ಮೂರು ವರ್ಷದಲ್ಲಿ ನಾನು ಓಡಿಸಿಕೊಟ್ಟ ಒಂದು ಜೆಲ್ಲಿನಲ್ಲೂ ಅದು ಕಂಡಿರಲಿಲ್ಲ. "ಕಣ್ಣಿಗೆ ಕಾಣದ್ದಕ್ಕೆ ಇನ್ನೊಂದು ವರ್ಷ ಕೊಡೋಕಾಗಲ್ಲಮ್ಮ" ಎಂದಿದ್ದರು ಅವಳ ಗೈಡ್. ಸಂಜೆ ನಾಲ್ಕಕ್ಕೆ ಅವರ ಕೊನೆಯ ತೀರ್ಮಾನ. ಉಳಿದದ್ದು ಒಂದೇ ಟ್ಯೂಬಿನಷ್ಟು ಸರಕು, ಅದೂ ಈಗ ಜೆಲ್ಲಿನೊಳಗೆ.

"ಹೋಗೇ ಆ ಕಡೆ, ತಲೆ ತಿನ್ಬೇಡ."

"ಬೈಯಿರಿ ಅಕ್ಕಾ, ಹೋಗಲ್ಲ. ಗೆರೆ ತಳಕ್ಕೆ ಬಂತಲ್ಲ, ಇನ್ನೂ ನಿಲ್ಲಿಸಲ್ವಾ?"

"ಅದು ಹೊರಗೆ ಹೋಗ್ಬೇಕು ಕಣೇ."

"ಹೊರಗಾ?" ಅವಳು ಜೆಲ್ಲಿನತ್ತ ಬಗ್ಗಿದಳು. "ಯಾವಾಗ್ಲೂ ಹೀಗೇನಾ? ನಂದು ಆ ಗೆರೆ ಹಿಂದೆಹಿಂದೇನೇ ಓಡೋವಷ್ಟು ಚಿಕ್ಕದು!"

ಚಿಕ್ಕವು ಬೇಗ ಇಳಿಯುತ್ತವೆಂದು ಊರಿಗೆಲ್ಲ ಪಾಠ ಹೇಳುವವಳು ನಾನು! ಗೆರೆ ತಳದಿಂದ ಒಂದು ಕೂದಲೆಳೆ ಮೇಲಿತ್ತು. ಸ್ವಿಚ್ಚಿಗೆ ಕೈ ಎಟುಕಲಿಲ್ಲ, ವೈರನ್ನೇ ಕಿತ್ತೆ.

ಬಣ್ಣ ಹಿಡಿಸಿ ತೊಳೆಯಲು ಮೂರು ಗಂಟೆ ಬೇಕಾಯಿತು. ಇಬ್ಬರೂ ಊಟಕ್ಕೇಳಲಿಲ್ಲ. ಮೂರೂಮುಕ್ಕಾಲಿಗೆ ಜೆಲ್ಲಿನ ತೀರಾ ಅಂಚಿನಲ್ಲಿ ತೆಳ್ಳನೆಯ ಪಟ್ಟಿಯೊಂದು ಮೂಡಿತು. ಪಕ್ಕದ ಸಾಲಿನಲ್ಲಿ ಹೋಲಿಕೆಗೆಂದು ಆ ಪ್ರೋಟೀನ್ ತೆಗೆದುಹಾಕಿದ ಪಾಚಿಯಿತ್ತು. ಅಲ್ಲಿ ಆ ಜಾಗ ಖಾಲಿ.

ಗೈಡ್ ಬಂದು ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಇಷ್ಟು ದಿನ ಎಲ್ಲಿತ್ತಮ್ಮ ಇದು?"

ಪುಟ್ಟಿ ನೆಲ ನೋಡುತ್ತಾ ನಿಂತಳು. ನನ್ನ ಹೆಸರೆತ್ತಲಿಲ್ಲ. ನಾನೂ ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು.

"ಸಿಂಕಿನಲ್ಲಿತ್ತು ಸಾರ್" ಎಂದೆ. "ಮೂರು ವರ್ಷ ಚೆಲ್ಲಿದ್ದು ನಾನೇ. ಇವಳನ್ನ ಒಂದು ದಿನ ನಿಂತು ನೋಡೋಕೂ ಬಿಟ್ಟಿರಲಿಲ್ಲ."

ಪುಟ್ಟಿ ನನ್ನ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವಳು ನನ್ನ ಮೇಲೆ ಕೂಗಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.