ಇಲಿ ತಿಂದ ಸ್ವರ

ಎಡ್ವರ್ಡ ಮಾಸ್ತರರು ಎರಡೂ ಕಾಲಿನಿಂದ ಗಾಳಿ ಒತ್ತುತ್ತಲೇ ಇದ್ದರು. ವಾದ್ಯ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಒತ್ತುವುದಕ್ಕೆ ಅಲ್ಲಿ ಏನೂ ಇರಲಿಲ್ಲವೆಂಬುದು ಬೇರೆ ಮಾತು. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಹೊಸ ಕೀಬೋರ್ಡು ಕಪ್ಪಗೆ ಮಿಂಚುತ್ತ ಮಲಗಿತ್ತು. ಅದರ ಕೆಳಗೆ ಇದ್ದದ್ದು ಭಾಲ್ಕಿ ಚರ್ಚಿನ ಶಹಾಬಾದಿ ಕಲ್ಲಿನ ನೆಲ. ಆ ನೆಲವನ್ನೇ ಮಾಸ್ತರರ ಬರಿಗಾಲುಗಳು ಒಂದಾದ ಮೇಲೊಂದರಂತೆ ತುಳಿಯುತ್ತಿದ್ದವು.

"ಕೆಟ್ಟದ ಇದು," ಎಂದು ಮಾಸ್ತರರು ತೀರ್ಪು ಕೊಟ್ಟರು. "ಗಾಳೀನೇ ತಗೋವಲ್ದು."

"ಸ್ವಿಚ್ಚೇ ಹಾಕಿಲ್ರಿ ಮಾಸ್ತರ," ಎಂದ ಕ್ಯಾಲೆಬ.

ಕ್ಯಾಲೆಬ ತಾಲೂಕು ಕಚೇರಿಯ ಕ್ಲಾರ್ಕ. ವಯಸ್ಸು ನಲವತ್ತು ದಾಟಿತ್ತು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕೀಬೋರ್ಡು ಕಲಿತಿದ್ದ. ಕಲಿತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಆದರೆ ಊರಿಗೆಲ್ಲ ಗೊತ್ತಿತ್ತು. ಅವನು ಎದ್ದು ಬಂದು ಬಟನ್ ಒತ್ತಿದ. ಹಸಿರು ದೀಪ ಹತ್ತಿತು. ಮಾಸ್ತರರು ಗತ್ತಿನಿಂದ ಅಂಗಿಯ ತೋಳು ಮೇಲೇರಿಸುವಾಗ ಮೊಳಕೈ ಯಾವುದೋ ಬಟನ್ನಿಗೆ ತಾಗಿ, ಕೀಬೋರ್ಡು ಇಡೀ ಚರ್ಚು ನಡುಗುವಂತೆ ಢಂ ಢಮಾ ಢಂ ಎಂದು ಡೋಲು ಬಾರಿಸತೊಡಗಿತು. ಒಳಕೋಣೆಯಲ್ಲಿ ರವಿವಾರದ ಪ್ರಸಂಗ ಬರೆಯುತ್ತಿದ್ದ ಪಾಸ್ಟರ್ ಕ್ರಿಸ್ಟೋಫರ ಯಾರದೋ ಮದುವೆ ಮೆರವಣಿಗೆ ಚರ್ಚಿನೊಳಗೇ ನುಗ್ಗಿತೆಂದು ಪೆನ್ನು ಹಿಡಿದುಕೊಂಡೇ ಓಡಿ ಬಂದರು.

ಕೀಬೋರ್ಡನ್ನು ಕೊಟ್ಟವಳು ಇದೇ ಊರ ಮಗಳು, ಬೀದರಿನಲ್ಲಿ ನರ್ಸಾಗಿರುವ ಜಾಯ್ಸ. ತಾಯಿಯ ನೆನಪಿಗೆಂದು ಕೊಟ್ಟದ್ದನ್ನು ಬೇಡವೆನ್ನಲು ಬರುವಂತಿರಲಿಲ್ಲ.

ಡೋಲು ನಿಂತ ಮೇಲೆ ಪಾಸ್ಟರು ಮೆತ್ತಗೆ ಮಾತು ತೆಗೆದರು. "ಮಾಸ್ತರ, ಮುಂದಿನ ರವಿವಾರ ಸುಗ್ಗಿ ಹಬ್ಬ. ಬೀದರಿನವ್ರು, ಔರಾದಿನವ್ರು ಎಲ್ಲಾರೂ ಇಲ್ಲೇ ಬರ್ಲಾಕತ್ಯಾರ. ಈ ಸಲ ಪುಸ್ತಕದಾಗ ಇದ್ದಾಂಗ ಹಾಡಬೇಕ್ರಿ. ಜಿಗಿತ ಬ್ಯಾಡ್ರಿ."

"ಜಿಗಿತ ಅಲ್ರಿ ಅದು. ನನ್ನ ಚಾಲಿ, ಹಾಡೋ ಧಾಟಿ."

"ಏನರೆ ಅನ್ರಿ. ನಿಮಗ ಇದು ಕೈಗೆ ಹತ್ತಲಿಲ್ಲಂದ್ರ ಕ್ಯಾಲೆಬ ಕೂಡ್ತಾನ್ರಿ. ನಿಮಗೂ ಅರವತ್ನಾಕಾತು, ಆರಾಮ ಆಗ್ತದ."

ಆರಾಮ ಎಂಬ ಮಾತು ಮಾಸ್ತರರ ಎದೆಗೆ ಚುಚ್ಚಿತು. ಮೂವತ್ತೆಂಟು ವರ್ಷ ಪ್ರತಿ ರವಿವಾರ ಕೂತ ಜಾಗ ಅದು. ಸಾಲೆಯ ನೌಕರಿಯಿಂದ ನಿವೃತ್ತರಾದ ದಿನವೂ ಅವರಿಗೆ ಇಷ್ಟು ದುಃಖವಾಗಿರಲಿಲ್ಲ.

ಈ ಜಿಗಿತದ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಚರ್ಚಿನಲ್ಲಿ ಮಿಷನ್ ಕಾಲದ ಒಂದು ಕಾಲುಪೇಟಿ ಇತ್ತು. ಕಾಲಿನಿಂದ ಗಾಳಿ ಒತ್ತಿ, ಕೈಯಿಂದ ಬಾರಿಸುವ ದೊಡ್ಡ ಹಾರ್ಮೋನಿಯಂ. ಮೂವತ್ತಾರು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಅದರೊಳಗೆ ಇಲಿ ಹೊಕ್ಕು, ಚರ್ಮ ತಿಂದು, ಬಟ್ಟೆ ತಿಂದು, ನಡುವಿನ 'ನಿ' ಸ್ವರದ ಹಿತ್ತಾಳೆ ನಾಲಗೆಯ ಮೇಲೆಯೇ ಸಂಸಾರ ಹೂಡಿತು. ಇಲಿ ಮಕ್ಕಳು ಮರಿ ಸಮೇತ ಹೊರಬೀಳುವಷ್ಟರಲ್ಲಿ ನಾಲಗೆ ಕಿಲುಬು ಹಿಡಿದು ಮುರಿದಿತ್ತು. ಆಮೇಲೆ ಆ ಪಟ್ಟಿ ಒತ್ತಿದರೆ ಬರೀ ಗಾಳಿ. ರಿಪೇರಿಗೆ ಸೋಲಾಪುರದಿಂದ ಮಿಸ್ತ್ರಿಯನ್ನು ಕರೆಸಬೇಕೆಂದು ಕಮಿಟಿ ಆ ವರ್ಷವೇ ಒಮ್ಮತದಿಂದ ನಿರ್ಣಯ ಮಾಡಿತು. ನಿರ್ಣಯ ಇನ್ನೂ ಊರ್ಜಿತದಲ್ಲಿದೆ.

ಮಾಸ್ತರರು ಕಾದು ಕೂಡುವ ಆಸಾಮಿಯಲ್ಲ. ಕೀರ್ತನೆ 'ಪ' ದಾಟಿ, 'ದ' ದಾಟಿ, 'ನಿ'ಗೆ ಬರುವಾಗ ಅದನ್ನು ಮುಟ್ಟದೆ ಟಣ್ಣನೆ ಮೇಲಿನ 'ಸಾ'ಕ್ಕೆ ಹಾರುವ ದಾರಿ ಹುಡುಕಿದರು. ಎಲ್ಲ ಕೀರ್ತನೆಗಳನ್ನೂ ಹಾಗೆಯೇ ತಿದ್ದಿದರು. ಊರ ಜನ ಹಾಗೆಯೇ ಕಲಿತರು, ಅವರ ಮಕ್ಕಳು ಹಾಗೆಯೇ ಕಲಿತರು. ಬೀದರಿನವರು ಇದಕ್ಕೆ 'ಭಾಲ್ಕಿ ಜಿಗಿತ' ಎಂದು ಹೆಸರಿಟ್ಟು ನಕ್ಕರು. ಹೋದ ವರ್ಷ ಔರಾದಿನಲ್ಲಿ ಮೂರು ಊರಿನವರೂ ಕೂಡಿ ಹಾಡುವಾಗ, ಉಳಿದವರು ಇನ್ನೂ ಏರುತ್ತಿರುವಾಗಲೇ ಭಾಲ್ಕಿಯವರು ಮೇಲೆ ಹೋಗಿ ಕೂತಿದ್ದರು. ಮಾಸ್ತರರು ಮಾತ್ರ ಸೋಲಲಿಲ್ಲ. 'ನಿ' ಎಂಬುದು ಅಹಂಕಾರದ ಸ್ವರ, 'ಸಾ'ದ ಬಾಗಿಲಲ್ಲಿ ನಿಂತು ಬೀಗುವ ಸ್ವರ, ಭಕ್ತನಾದವನು ಅದನ್ನು ಬಿಟ್ಟೇ ದೇವರ ಕಡೆಗೆ ಹಾರಬೇಕು ಎಂದು ಒಂದು ಸಿದ್ಧಾಂತವನ್ನೇ ಕಟ್ಟಿದ್ದರು. ಇಪ್ಪತ್ತು ವರ್ಷ ಹೇಳಿ ಹೇಳಿ, ಇಲಿಯ ವಿಷಯ ಅವರಿಗೇ ಮರೆತು ಹೋಗಿತ್ತು.

ಈ ಎಲ್ಲದರ ನಡುವೆ ಅವರಿಗಿದ್ದ ಒಂದೇ ಚಿಂತೆ ಹೆಂಡತಿ ರೋಸಮ್ಮನದು. ಗಾಯನ ತಂಡದ ಮುಂದಿನ ಸಾಲಿನಲ್ಲಿ ನಿಲ್ಲುವ ಆಕೆ ಸರಿಯಾಗಿ ಜಿಗಿತದ ಜಾಗಕ್ಕೆ ಬಂದಾಗ ಬಾಯಿ ಮುಚ್ಚಿಬಿಡುತ್ತಿದ್ದಳು. ಪಾಪ, ದಮ್ಮು ಸಾಲುವುದಿಲ್ಲ ಎಂದುಕೊಂಡ ಮಾಸ್ತರರು ಮದುವೆಯಾದಾಗಿನಿಂದ ಪ್ರತಿ ರವಿವಾರ ಬೆಳಿಗ್ಗೆ ತಾವೇ ಶುಂಠಿ ಜಜ್ಜಿ, ಮೆಣಸು ಹಾಕಿ ಕಷಾಯ ಮಾಡಿ ಕೊಡುತ್ತಿದ್ದರು. ಮೂವತ್ತನಾಲ್ಕು ವರ್ಷದಿಂದ ಆಕೆ ಅದನ್ನು ಮುಖ ಕಿವುಚದೆ ಕುಡಿಯುತ್ತಿದ್ದಳು. ಗುಣ ಮಾತ್ರ ಕಂಡಿರಲಿಲ್ಲ.

ಕ್ಯಾಲೆಬನ ಕೈಕೆಳಗೆ ಕಲಿಯುವುದಕ್ಕಿಂತ ಸಾಯುವುದು ಲೇಸೆಂದು ಮಾಸ್ತರರು ಸೋಮವಾರ ಬಸ್ ಸ್ಟ್ಯಾಂಡಿನ ಹತ್ತಿರದ ಮಕ್ಬೂಲನ ಬ್ಯಾಂಡಿನ ಅಂಗಡಿಗೆ ಹೋದರು. ಮಕ್ಬೂಲ ಮದುವೆಗಳಲ್ಲಿ ಕ್ಲಾರಿನೆಟ್ ಊದಿ ಹೆಸರಾದವನು. ಮೂರು ವರ್ಷದಿಂದ ಅದನ್ನು ಗೂಟಕ್ಕೆ ತೂಗುಹಾಕಿ ಕೀಬೋರ್ಡು ಹಿಡಿದಿದ್ದ.

"ಮಾಸ್ತರ, ಮೊದಲ ಆ ಕಾಲು ಬಂದ್ ಮಾಡ್ರಿ," ಎಂದ ಮಕ್ಬೂಲ. "ಬಾಜೂ ಅಂಗಡಿಯವ್ರು ನಾ ಹೊಲಿಗಿ ಮಷಿನ್ ಇಟ್ಟೀನಂತ ತಿಳಕೊಂಡಾರ."

ಕಾಲು ನಿಲ್ಲಿಸಿದರೆ ಕೈ ನಿಲ್ಲುತ್ತಿತ್ತು. ಕೈ ನಡೆಸಿದರೆ ಕಾಲು ನಡೆಯುತ್ತಿತ್ತು. ಮಂಗಳವಾರದ ಹೊತ್ತಿಗೆ ಮಕ್ಬೂಲ ಅವರ ಎರಡೂ ಕಾಲ ಮೇಲೆ ಒಂದು ಢೋಲಕ್ಕನ್ನು ಇಟ್ಟು ಕೂಡ್ರಿಸಿದ. ಬುಧವಾರ ಬೆರಳು ದಾರಿಗೆ ಬಂತು. ಆದರೆ 'ನಿ' ಬಂದಾಗ ಮಾತ್ರ ಬಿಸಿ ಹಂಚು ಮುಟ್ಟಿದಂತೆ ಹಿಂದೆ ಸರಿದು ಮೇಲಕ್ಕೆ ಹಾರುತ್ತಿತ್ತು.

"ಇದು ನುಡೀತದರಿ ಮಾಸ್ತರ. ಇದರಾಗ ಏನೂ ಖರಾಬ್ ಇಲ್ಲ."

"ನುಡೀತದಂತ ಗೊತ್ತದ. ನನಗ ಬ್ಯಾಡ. ಅದು ನನ್ನ ಚಾಲಿ ಅಲ್ಲ."

ಮಕ್ಬೂಲ ಗೂಟದಲ್ಲಿದ್ದ ಕ್ಲಾರಿನೆಟ್ ನೋಡಿದ. "ನಾನೂ ಹಂಗೇ ಅಂತಿದ್ದೆರಿ. ಮಕ್ಬೂಲನ ತಾನ್, ಸ್ವರದ ಓಟ, ಭಾಳ ಸಣ್ಣದು, ಭಾಳ ಚಂದ ಅಂತ ಮಂದಿ ಅಂತಿದ್ರು. ನಾನೂ ಖುಶಿ. ಇದಕ್ಕ ಕೈ ಇಟ್ಟ ಮ್ಯಾಲ ದಮ್ಮು ಬೇಕಾಗಲಿಲ್ಲ ನೋಡ್ರಿ, ತಾನ್ ಉದ್ದ ಆಗ್ಲಾಕತ್ತು. ಆವಾಗ ಗೊತ್ತಾತು, ಇಷ್ಟು ದಿನ ಅದನ್ನ ತುಂಡು ಮಾಡ್ತಿದ್ದವ ನಾ ಅಲ್ಲ, ದಮ್ಮು ಸಾಲದ ನನ್ನ ಫೇಫಡಾ ಅಂತ. ಒಂದು ವಾರ ಊಟ ಸೇರಲಿಲ್ಲ." ಆಮೇಲೆ ಮೆತ್ತಗೆ ಕೇಳಿದ: "ನಿಮ್ಮ ಚಾಲಿ ಯಾರು ಮಾಡಿದ್ದರಿ ಮಾಸ್ತರ?"

ಎಷ್ಟೋ ವರ್ಷದ ಮೇಲೆ ಆ ಇಲಿ, ಅದರ ಗುಲಾಬಿ ಬಣ್ಣದ ಮರಿಗಳು, ಎಲ್ಲ ಒಮ್ಮೆಲೇ ಮಾಸ್ತರರ ಕಣ್ಣ ಮುಂದೆ ಬಂದವು. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದರು. ಅಳುವೇ ಬಂದಂತಾಗಿತ್ತು.

ರೋಸಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಾಸ್ತರರು ಗೋಡೆಗೆ ಆತು ಕೂತರು. "ನನ್ನ ಚಾಲಿ ಅಂತ ಇಷ್ಟು ದಿನ ಮೆರೆದೆ. ಅದು ಇಲಿ ಮಾಡಿದ ಚಾಲಿ ಅಂತ ನೋಡು."

ರೋಸಮ್ಮ ರೊಟ್ಟಿ ತಿರುವಿ ಹಾಕಿದಳು. "ಇಲಿ ಒಂದ ಸ್ವರ ತಿಂದದರಿ. ಉಳಿದ ಆರು ನೀವ ಬಾರಿಸೀರಿ. ಊಟಕ್ಕ ಏಳ್ರಿ."

ರವಿವಾರ ಚರ್ಚು ತುಂಬಿತ್ತು. ಕಂಬಗಳಿಗೆ ಜೋಳದ ದಂಟು ಕಟ್ಟಿದ್ದರು. ವೇದಿಯ ಮುಂದೆ ಕುಂಬಳಕಾಯಿ, ತೊಗರಿ, ಖಟಕ ಚಿಂಚೋಳಿಯವರು ತಂದ ಬೆಲ್ಲದ ಪೆಂಟೆ. ಬಲಗಡೆ ಬೀದರಿನವರು, ಎಡಗಡೆ ಔರಾದಿನವರು ನಗುವುದಕ್ಕೆ ತಯಾರಾಗಿಯೇ ಕೂತಿದ್ದರು. ಮುಂದಿನ ಬೆಂಚಿನಲ್ಲಿ ಇಸ್ತ್ರಿ ಅಂಗಿಯ ಕ್ಯಾಲೆಬ ಬೆರಳ ನೆಟಿಕೆ ಮುರಿಯುತ್ತಿದ್ದ. ಮೊದಲ ಹಾಡು ಭಾಲ್ಕಿಯವರದು.

ಮೊದಲ ಚರಣ ಚೆನ್ನಾಗಿಯೇ ಹೊರಟಿತು. 'ಪ' ಬಂತು, 'ದ' ಬಂತು, ಮಾಸ್ತರರ ಬೆರಳು ತಾನೇ ತಾನಾಗಿ ಟಣ್ಣನೆ ಹಾರಿತು. ತಂಡವೂ ಹಾರಿತು. ಔರಾದಿನ ಬೆಂಚುಗಳಲ್ಲಿ ಕಿಸಕ್ಕೆಂದರು. ಪಾಸ್ಟರು ಕ್ಯಾಲೆಬನ ಕಡೆ ನೋಡಿದರು. ಕ್ಯಾಲೆಬ ಅರ್ಧ ಎದ್ದ. ಮಾಸ್ತರರಿಗೆ ಕಿವಿಯೆಲ್ಲ ಬಿಸಿಯಾಯಿತು. ಇನ್ನೊಂದು ಚರಣ, ಅಷ್ಟೇ. ಆಮೇಲೆ ಈ ಕುರ್ಚಿ ತನ್ನದಲ್ಲ.

ಎರಡನೆಯ ಚರಣದಲ್ಲಿ 'ದ' ಮುಗಿದ ಕೂಡಲೇ ಅವರು ಕಣ್ಣು ಮುಚ್ಚಿ, ಪಕ್ಕದ ಪಟ್ಟಿಯನ್ನು ಒತ್ತಿ ಹಿಡಿದರು.

ಗಾಳಿಯ ಹಂಗಿಲ್ಲದ ಸ್ವರ ಅದು. ಬೆರಳು ಇರುವಷ್ಟು ಹೊತ್ತೂ ಇರುತ್ತದೆ. ಭಾಲ್ಕಿಯ ತಂಡ ರೂಢಿಯಂತೆ ಮೇಲಕ್ಕೆ ಹಾರಿ, ಅಲ್ಲಿ ತಮ್ಮ ಜೊತೆ ವಾದ್ಯ ಇಲ್ಲವೆಂದು ತಿಳಿದು ಒಬ್ಬೊಬ್ಬರಾಗಿ ಸುಮ್ಮನಾಯಿತು. ಚರ್ಚಿನಲ್ಲಿ 'ನಿ' ಒಂದೇ ಉಳಿಯಿತು. ಒಂದೇ ಅಲ್ಲ. ಅದಕ್ಕೆ ಸರಿಯಾಗಿ ಹೊಂದಿಕೊಂಡು ಒಂದು ತೆಳು ಹೆಣ್ಣುದನಿಯೂ ಇತ್ತು, ಕೂದಲೆಳೆಯಷ್ಟೂ ಅತ್ತಿತ್ತ ಆಗದೆ.

ಮಾಸ್ತರರು ಕಣ್ಣು ತೆರೆದರು. ಮುಂದಿನ ಸಾಲಿನಲ್ಲಿ ರೋಸಮ್ಮನ ಬಾಯಿ ತೆರೆದಿತ್ತು.

ಅವರು ಬೆರಳು ಎತ್ತಲೇ ಇಲ್ಲ. ರೋಸಮ್ಮನೂ ಬಿಡಲಿಲ್ಲ. ದಮ್ಮು ಸಾಲದ ಹೆಂಗಸು ಅಷ್ಟು ಹೊತ್ತು ಹಿಡಿದದ್ದನ್ನು ನೋಡಿ ಬೀದರಿನವರು ನಗುವುದನ್ನು ಮರೆತರು. ಆಮೇಲೆ ಇಬ್ಬರೂ ಕೂಡಿಯೇ 'ಸಾ'ಕ್ಕೆ ಹೋದರು. ಉಳಿದವರು ಹಿಂದಿನಿಂದ ಬಂದು ಸೇರಿಕೊಂಡರು. ಕ್ಯಾಲೆಬ ಕೂತುಬಿಟ್ಟ. ಹಾಡು ಮುಗಿದಾಗ ಮಾಸ್ತರರು ಕೆಳಗೆ ನೋಡಿದರು. ಕಾಲುಗಳೆರಡೂ ಸುಮ್ಮನಿದ್ದವು.

ಆರಾಧನೆ ಮುಗಿದು ಜನವೆಲ್ಲ ಹಿತ್ತಲಿನ ಪೆಂಡಾಲಿಗೆ ಊಟಕ್ಕೆ ಹೋಯಿತು. ಪಾಸ್ಟರು ಹೋಗುವಾಗ, "ಕ್ರಿಸ್‌ಮಸ್ಸಿಗೂ ನೀವೇ ನೋಡ್ಕೋರಿ," ಎಂದಷ್ಟೇ ಹೇಳಿದರು. ಮಾಸ್ತರರು ಒಂದು ಮೂಲೆಗೆ ಸರಿಸಿಟ್ಟಿದ್ದ ಕಾಲುಪೇಟಿಯ ಹತ್ತಿರ ಹೋಗಿ, ಅದರ ಮೇಲಿನ ಧೂಳು ಒರೆಸಿ ಕೂತರು. ರೋಸಮ್ಮ ಬಂದು ಪಕ್ಕದಲ್ಲಿ ನಿಂತಳು.

"ನಿನಗ ಆ ಸ್ವರ ಗೊತ್ತಿತ್ತಾ?"

"ತವರುಮನಿ ಬೀದರರಿ ನಂದು. ಅಲ್ಲಿ ಪೇಟಿ ನೆಟ್ಟಗಿತ್ತು."

"ಮತ್ತ ಬಾಯಿ ಯಾಕ ಮುಚ್ತಿದ್ದಿ?"

"ನಿಮ್ಮ ಜಿಗಿತ ನನಗ ಬರಲಿಲ್ಲರಿ. ನನಗ ಬರೋದು ಹಾಡಿದ್ರ ನಿಮ್ಮ ಮರ್ಯಾದಿ ಹೋಗ್ತಿತ್ತು. ಅದರಾಗ ನೀವು ಅದು ಅಹಂಕಾರದ ಸ್ವರ ಅಂದ್ರಿ."

ಮಾಸ್ತರರು ತಲೆ ತಗ್ಗಿಸಿದರು. ಅವರಿಗೆ ಇನ್ನೊಂದು ನೆನಪಾಯಿತು. "ಹಂಗಾದ್ರ ಆ ಕಷಾಯ ಯಾಕ ಕುಡಿತಿದ್ದಿ?"

"ವಾರಕ್ಕೊಮ್ಮಿ ನೀವು ಒಲಿ ಮುಂದ ಕೂಡೋದು ಅದೊಂದಕ್ಕ," ಎಂದಳು ರೋಸಮ್ಮ.

ಮಾಸ್ತರರು ಕಾಲುಪೇಟಿಯ ತಿದಿಯ ಮೇಲೆ ಪಾದವಿಟ್ಟು ಗಾಳಿ ಒತ್ತಿದರು. ಅದೇ ಕೀರ್ತನೆ, ಪುಸ್ತಕದಲ್ಲಿದ್ದ ಹಾಗೆ. 'ಪ' ಬಂತು, 'ದ' ಬಂತು. ಬೆರಳು ಹಾರಲಿಲ್ಲ, ಮೂವತ್ತಾರು ವರ್ಷ ಮುಟ್ಟದ ಪಟ್ಟಿಯನ್ನು ನೇರವಾಗಿ ಒತ್ತಿತು. ಒಳಗಿನಿಂದ ಗಾಳಿ ಮಾತ್ರ ಸುಯ್ಯೆಂದು ಬಂತು. ಆ ಜಾಗದಲ್ಲಿ ರೋಸಮ್ಮ ಹಾಡಿದಳು.